ಐದರ ಹೊಟ್ಟೆಯಲ್ಲಿ

ಮೈದಾನದಲ್ಲಿ ಮನುಷ್ಯರನ್ನು ನಿಲ್ಲಿಸಿ ಅಂಕಿ ಬರೆಯಬೇಕೆಂದು ನಗರಸಭೆಯ ಪರಿಸರ ವಿಭಾಗದ ಸಾಹೇಬರಿಗೆ ಯಾವ ಗಳಿಗೆಯಲ್ಲಿ ಹೊಳೆಯಿತೋ, ಆ ಗಳಿಗೆಗೆ ನನ್ನ ಶಾಪವಿದೆ. ಜಗತ್ತಿನ ದೇಶಗಳೆಲ್ಲ ಒಂದು ಕಡೆ ಕೂತು, ಭೂಮಿಯ ಬಿಸಿ ಒಂದೂವರೆ ಡಿಗ್ರಿಗಿಂತ ಮೇಲೆ ಏರದಂತೆ ನೋಡಿಕೊಳ್ಳಲು ಪ್ರಯತ್ನ ಮಾಡುತ್ತೇವೆ ಎಂದು ಒಪ್ಪಂದ ಮಾಡಿಕೊಂಡು ಹತ್ತು ವರ್ಷ ತುಂಬುತ್ತಿತ್ತು. ಬೇರೆ ಊರುಗಳಲ್ಲಿ ನಾಲ್ಕು ಗಿಡ ನೆಟ್ಟು, ಎರಡು ಭಾಷಣ ಮಾಡಿ ಕೈ ತೊಳೆದುಕೊಳ್ಳುತ್ತಾರೆ. ನಮ್ಮವರಿಗೆ ಅದು ಸಾಲದು. ನೌಕರರೆಲ್ಲ ಕೈಕೈ ಹಿಡಿದು ನಿಂತು 1.5 ಆಗಬೇಕು, ಮೇಲಿನಿಂದ ಡ್ರೋನ್ ಅದನ್ನು ವಿಡಿಯೋ ತೆಗೆಯಬೇಕು, ಅದು ಸಂಜೆಯ ಸುದ್ದಿಯಲ್ಲಿ ಬರಬೇಕು. ಆದೇಶ ಹೊರಟ ದಿನದಿಂದಲೇ ಅವರಿಗೆ ನಮ್ಮ ಆಫೀಸಿನಲ್ಲಿ ‘ಒಂದೂವರೆ ಸಾಹೇಬರು’ ಎಂದು ಹೆಸರಾಯಿತು.

ನಾನು ಯೋಜನಾ ಶಾಖೆಯಲ್ಲಿ ನಕ್ಷೆ ಬರೆಯುವವಳು. ಹಾಗಾಗಿ ಯಾರು ಎಲ್ಲಿ ನಿಲ್ಲಬೇಕೆಂಬ ನಕ್ಷೆಯೂ ನನ್ನ ತಲೆಗೇ ಬಂತು. ಒಂದನ್ನು ಬರೆಯುವುದು ಸುಲಭ, ನೆಟ್ಟಗೆ ಒಂದು ಸಾಲು. ಐದಕ್ಕೆ ತಲೆಯ ಮೇಲೊಂದು ಗೆರೆ, ಒಂದು ಕತ್ತು, ಕೆಳಗೆ ದೊಡ್ಡ ಹೊಟ್ಟೆ. ಜಗಳ ಬಂದದ್ದು ಚುಕ್ಕಿಗೆ. ಯಾವ ಶಾಖೆಯವರೂ ಚುಕ್ಕಿಯಾಗಲು ಒಪ್ಪಲಿಲ್ಲ. “ನಾವೇನು ಅಷ್ಟು ಕಡೆಯಾಗೋದ್ವಾ?” ಎಂದು ತೆರಿಗೆ ಶಾಖೆಯ ಮುಖ್ಯಸ್ಥರು ನನ್ನ ಮೇಜಿನವರೆಗೂ ಬಂದು ಕೂಗಾಡಿದರು.

“ಸರ್, ಚುಕ್ಕಿ ಇಲ್ದಿದ್ರೆ ಅದು ಹದಿನೈದು ಡಿಗ್ರಿ ಆಗುತ್ತೆ. ಭೂಮಿ ಉಳಿಯೋದು ನಿಮ್ಮ ಕೈಲಿದೆ,” ಎಂದೆ.

ಅವರು ಎದೆಯುಬ್ಬಿಸಿಕೊಂಡು ಹೋದರು. ಜನರನ್ನು ಅಟ್ಟಕ್ಕೇರಿಸುವುದು ನನಗೆ ಬರುವ ಒಂದೇ ರಾಜಕೀಯ.

ಉಳಿದವರನ್ನೆಲ್ಲ ಹೇಗೆ ಬೇಕೋ ಹಾಗೆ ತುಂಬಿಸಿದೆ. ಒಬ್ಬಳನ್ನು ಮಾತ್ರ ಯೋಚಿಸಿ ನಿಲ್ಲಿಸಿದೆ. ಐದರ ಹೊಟ್ಟೆಯಲ್ಲಿ, ಸರಿಯಾಗಿ ನಡುವೆ, ನನ್ನ ಪಕ್ಕಕ್ಕೆ ನನ್ನ ತಂಗಿ.

ತಂಗಿ ನಗರಸಭೆಯ ಆಸ್ಪತ್ರೆಯ ಲ್ಯಾಬಿನಲ್ಲಿದ್ದಾಳೆ. ರಕ್ತ ತೆಗೆಯುವುದು ಅವಳ ಕೆಲಸ. ಅವಳು ಸೂಜಿ ಚುಚ್ಚಿದರೆ ಮಕ್ಕಳು ಕೂಡ ಅಳುವುದಿಲ್ಲ, ಎಂಥ ಅಡಗಿದ ನರವನ್ನೂ ಒಂದೇ ಸಲಕ್ಕೆ ಹಿಡಿಯುತ್ತಾಳೆ ಎಂದು ಊರೆಲ್ಲ ಹೊಗಳುತ್ತದೆ. ‘ಊರಿಗೆ ಉಪಕಾರಿ, ಮನೆಗೆ ಮಾರಿ’ ಎಂದು ನಾನು ಸೇರಿಸುತ್ತಿದ್ದೆ. ಅಮ್ಮನ ಸೊಂಟದ ಮೂಳೆ ಮುರಿದು ಹನ್ನೊಂದು ವರ್ಷ. ಹನ್ನೊಂದು ವರ್ಷವೂ ಅಮ್ಮ ನನ್ನ ಮನೆಯಲ್ಲೇ, ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ. ಕಾಲು ಹೋದರೂ ಕಣ್ಣು ಹದ್ದಿನದು, ನಾಲಿಗೆ ಅದಕ್ಕಿಂತ ಚುರುಕು. ನಾನು ಸ್ನಾನಕ್ಕೆ ಹೋದರೆ ಹೊರಗಿನಿಂದ “ದೊಡ್ಡೋಳೇ, ಬದುಕಿದ್ದೀಯಾ?” ಎಂದು ಕೂಗುತ್ತಾಳೆ. ತಂಗಿ ಮೊದಲೆಲ್ಲ ಹಣ್ಣು ಹಿಡಿದುಕೊಂಡು ಬಂದು, ಗಡಿಯಾರ ನೋಡುತ್ತ ಕೂತು ಹೋಗುತ್ತಿದ್ದಳು. ಇತ್ತೀಚೆಗೆ ಅದೂ ನಿಂತಿತ್ತು. ಫೋನ್ ಮಾಡಿದರೆ ‘ಕೆಲಸ ಅಕ್ಕಾ’ ಎನ್ನುವ ಒಂದು ಮಾತು, ಆಮೇಲೆ ಫೋನೇ ಎತ್ತುತ್ತಿರಲಿಲ್ಲ. ಬೀಸುವ ದೊಣ್ಣೆಯಿಂದ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರಲ್ಲ, ಆ ಲೆಕ್ಕದಲ್ಲಿ ಅವಳಿಗೆ ಸಾವೇ ಇಲ್ಲ ಎಂದು ನಾನು ಸಿಕ್ಕಸಿಕ್ಕವರ ಮುಂದೆ ಆಡಿಕೊಂಡಿದ್ದೇನೆ. ನಮ್ಮ ಆಫೀಸಿನ ಗೋಡೆಗಳಿಗೂ ಈ ಕಥೆ ಬಾಯಿಪಾಠ.

ಈ ಸಲ ಅವಳು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ರಾಜಧಾನಿಯಲ್ಲಿ ಆರು ತಿಂಗಳ ತರಬೇತಿಗೆ ನನ್ನ ಹೆಸರು ಬಂದಿತ್ತು. ಉಪಗ್ರಹದ ಚಿತ್ರ ನೋಡಿ ನಕ್ಷೆ ಮಾಡುವುದನ್ನು ಕಲಿಸುತ್ತಾರೆ, ಕಲಿತವರಿಗೆ ಬಡ್ತಿ. ಹಿಂದೆ ಎರಡು ಸಲ ಬಂದದ್ದನ್ನು ಅಮ್ಮನಿಗಾಗಿ ಬಿಟ್ಟಿದ್ದೆ. “ಇದೇ ಕೊನೇದು ಕಣಮ್ಮ, ಮುಂದಿನ ಸಲಕ್ಕೆ ನಿನ್ನ ವಯಸ್ಸು ಮೀರುತ್ತೆ. ಮೈದಾನದ ಕಾರ್ಯಕ್ರಮ ಮುಗಿಯೋಷ್ಟರಲ್ಲಿ ಹೂಂ ಅನ್ನು, ಇಲ್ಲ ಊಹೂಂ ಅನ್ನು,” ಎಂದು ನಮ್ಮ ಶಾಖೆಯ ಮುಖ್ಯಸ್ಥರು ಹೇಳಿದ್ದರು. ನಿಜ ಹೇಳಲೇ? ನನಗೆ ಉಪಗ್ರಹವೂ ಬೇಡ, ಬಡ್ತಿಯೂ ಬೇಡ. ಅಲ್ಲಿನ ಹಾಸ್ಟೆಲಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೋಣೆಯಂತೆ. ಬಾಗಿಲು ಹಾಕಿ ಒಳಗಿನಿಂದ ಚಿಲಕ ಜಡಿದುಕೊಳ್ಳಬಹುದು. ಆ ಚಿಲಕವನ್ನು ನೆನೆದು ನಾನು ಅಡುಗೆ ಮಾಡುತ್ತ ಒಬ್ಬಳೇ ನಕ್ಕಿದ್ದುಂಟು.

ನಕ್ಷೆ ಆಸ್ಪತ್ರೆಗೆ ಹೋದ ಮರುದಿನವೇ ಅಲ್ಲಿನ ಗುಮಾಸ್ತರು ಫೋನ್ ಮಾಡಿದರು. ನಿಮ್ಮ ತಂಗಿಗೆ ಸಾಲಿನಲ್ಲಿ ಬೇಡವಂತೆ, ಬ್ಯಾನರ್ ಹಿಡಿದು ನಿಲ್ಲುತ್ತಾರಂತೆ, ಇಲ್ಲವೇ ನೀರು ಹಂಚುತ್ತಾರಂತೆ. “ಸಾಧ್ಯವೇ ಇಲ್ಲ. ಒಬ್ರು ತಪ್ಪಿದ್ರೂ ಐದರ ಹೊಟ್ಟೆ ಹರಿಯುತ್ತೆ,” ಎಂದೆ. ಫೋನ್ ಇಟ್ಟ ಮೇಲೆ ಬಹಳ ಸಂತೋಷವಾಯಿತು.

ಆವತ್ತು ಬಿಸಿಲು ಬೆಳಗಿನಿಂದಲೇ ಚುರುಗುಟ್ಟುತ್ತಿತ್ತು. ಎಲ್ಲರಿಗೂ ಹಸಿರು ಟೀ ಶರ್ಟು, ಹಸಿರು ಟೋಪಿ; ಅಳತೆ ಒಂದೇ. ತೆರಿಗೆ ಶಾಖೆಯ ಮುಖ್ಯಸ್ಥರ ಹೊಟ್ಟೆ ಅದರೊಳಗೆ ಹಿಡಿಸದೆ, ಚುಕ್ಕಿ ನಕ್ಷೆಯಲ್ಲಿದ್ದದ್ದಕ್ಕಿಂತ ದೊಡ್ಡದಾಗಿಯೇ ಕಾಣುತ್ತಿತ್ತು. ಸುಣ್ಣದ ಗೆರೆಯ ಮೇಲೆ ಜನ ಒಬ್ಬೊಬ್ಬರಾಗಿ ಬಂದು ನಿಂತರು. ತಂಗಿ ಎಲ್ಲರಿಗಿಂತ ಕೊನೆಗೆ ಬಂದಳು. ಹಸಿರು ಟೀ ಶರ್ಟಿನ ಮೇಲೆ ಲ್ಯಾಬಿನ ಬಿಳಿ ಕೋಟು ಹಾಕಿಕೊಂಡು, ಬಲಗೈಯನ್ನು ಅದರ ಜೇಬಿನಲ್ಲಿಟ್ಟುಕೊಂಡಿದ್ದಳು. ಅವಳಿಗೆ ಒಂದು ಕಡೆ ನಾನು, ಇನ್ನೊಂದು ಕಡೆ ಅವರ ಆಸ್ಪತ್ರೆಯ ಡಾಕ್ಟರಮ್ಮ.

“ಅಕ್ಕಾ, ನೀನು ಈ ಕಡೆ ಬಾ. ಡಾಕ್ಟರಮ್ಮ ಆ ಕಡೆ ನಿಲ್ಲಲಿ,” ಎಂದಳು.

“ಎಲ್ಲಿ ನಿಂತ್ರೂ ಅದೇ ಬಿಸಿಲು ಕಣೇ.”

“ಸುಮ್ನೆ ಬಾ ಅಂದ್ರೆ.”

ಯಾವಾಗಲೂ ಇವಳದೇ ನಡೆಯಬೇಕು ಎಂದು ಗೊಣಗುತ್ತ ನಾನು ಅವಳ ಬಲಕ್ಕೆ ಬಂದೆ, ಡಾಕ್ಟರಮ್ಮ ನಗುತ್ತ ಎಡಕ್ಕೆ ಸರಿದರು. ಮೈಕಿನಲ್ಲಿ ಒಂದೂವರೆ ಸಾಹೇಬರು ಶುರುವಾದರು. “ಎಲ್ಲರೂ ಕೈ ಹಿಡ್ಕೊಳ್ಳಿ. ಮುಖ್ಯ ಅತಿಥಿಗಳು ದಾರಿಯಲ್ಲಿದ್ದಾರೆ. ಅವರು ಬರೋವರೆಗೆ ಯಾರೂ ಕೈ ಬಿಡಬಾರದು, ಜಾಗ ಬಿಡಬಾರದು.” ತಂಗಿ ಜೇಬಿನಿಂದ ಕೈ ತೆಗೆದವಳೇ ನನ್ನ ಕೈಯನ್ನು ಬೆರಳು ನೋಯುವಷ್ಟು ಬಿಗಿಯಾಗಿ ಹಿಡಿದುಕೊಂಡಳು. ಸಿಕ್ಕಿಬಿದ್ದ ಕಳ್ಳನಿಗೂ ಇಷ್ಟು ಹೆದರಿಕೆ ಇರುವುದಿಲ್ಲ ಎಂದುಕೊಂಡೆ.

ಎಷ್ಟು ಹೊತ್ತಾದರೂ ಮುಖ್ಯ ಅತಿಥಿಗಳು ಬರಲಿಲ್ಲ. ನನಗೆ ಬೇಕಾದದ್ದೂ ಅದೇ. ಡಾಕ್ಟರಮ್ಮ ಆಚೆ ಕಡೆಯ ನರ್ಸಿನ ಜೊತೆ ಮಾತಿಗೆ ಬಿದ್ದಿದ್ದರು. ನಾನು ದನಿ ತಗ್ಗಿಸಿ ಕೇಳಿಯೇಬಿಟ್ಟೆ.

“ಆರು ತಿಂಗಳು. ಅಮ್ಮನ್ನ ಆರು ತಿಂಗಳು ನಿನ್ನ ಮನೇಲಿ ಇಟ್ಕೋತೀಯೋ ಇಲ್ವೋ?”

ಅವಳು ಮುಂದೆ ನೋಡುತ್ತ ನಿಂತಿದ್ದಳು.

“ನಿನ್ನೇ ಕೇಳ್ತಿರೋದು. ಇವತ್ತು ಓಡಿಹೋಗಕ್ಕಾಗಲ್ಲ ನೀನು.”

“ಗೊತ್ತು. ಅದಕ್ಕೇ ಇಲ್ಲಿ ತಂದು ಹಾಕಿದ್ದೀಯ ಅಂತಾನೂ ಗೊತ್ತು.”

“ಗೊತ್ತಿದ್ರೆ ಬಾಯಿ ಬಿಡು. ಅವಳು ನನ್ನೊಬ್ಬಳನ್ನೇ ಹೆತ್ತಿದ್ದಾ? ನಾನು ಒಂದು ಮದುವೆಗೆ ಹೋಗಿಲ್ಲ, ಒಂದು ಊರು ನೋಡಿಲ್ಲ. ನೆಗಡಿ ಬಂದ್ರೂ ಮಲಗೋ ಹಾಗಿಲ್ಲ. ಆ ಮನೇಲಿ ನಾನೇ ಗೋಡೆ ಆಗಿಹೋಗಿದೀನಿ ಕಣೇ. ನೀನು ಬರ್ತೀಯ, ಹಣ್ಣು ಇಡ್ತೀಯ, ಹೋಗ್ತೀಯ. ಈಗ ಅದೂ ಇಲ್ಲ. ಅಮ್ಮ ದಿನಾ ಬಾಗಿಲು ನೋಡ್ತಾಳೆ, ಗೊತ್ತಾ ನಿಂಗೆ?”

“ಅಕ್ಕಾ, ಮೆಲ್ಲಗೆ.”

“ಯಾಕೆ ಮೆಲ್ಲಗೆ? ನಿಮ್ಮ ಡಾಕ್ಟರಮ್ಮಂಗೂ ಗೊತ್ತಾಗ್ಲಿ.”

ಅವಳು ತುಟಿ ಕಚ್ಚಿಕೊಂಡಳು. ಬೆವರಿನಿಂದ ನಮ್ಮಿಬ್ಬರ ಅಂಗೈ ಜಾರುತ್ತಿತ್ತು. ಒರೆಸಿಕೊಳ್ಳೋಣವೆಂದು ನಾನು ಹಿಡಿತ ಸಡಿಲಿಸಿದೆ. “ಬಿಡಬೇಡ,” ಎಂದಳು. ಆದರೆ ಅಷ್ಟರಲ್ಲಿ ಬಿಟ್ಟಾಗಿತ್ತು, ಅವಳ ಬೆರಳುಗಳು ನನ್ನ ಅಂಗೈಯಲ್ಲಿ ಸುಮ್ಮನೆ ಇದ್ದವು.

ಸುಮ್ಮನೆ ಇರಲಿಲ್ಲ. ಅವಳ ಹೆಬ್ಬೆರಳು ತೋರುಬೆರಳಿನ ಮೇಲೆ ದಾರ ಹೊಸೆಯುವಂತೆ ಉಜ್ಜುತ್ತಿತ್ತು. ನಿಲ್ಲದೆ, ಒಂದೇ ಸಮನೆ, ಅವಳಿಗೂ ಅದಕ್ಕೂ ಸಂಬಂಧವೇ ಇಲ್ಲದಂತೆ.

ಈ ನಡುಕ ನನಗೆ ಗೊತ್ತು. ಅಮ್ಮನಿಗೆ ಇನ್ನೂ ಚೆನ್ನಾಗಿ ಗೊತ್ತು. ಅಪ್ಪ ಬಸ್ಸಿನ ಡ್ರೈವರ್ ಆಗಿದ್ದರು. ಅವರ ಬಲಗೈಯಲ್ಲಿ ಇದು ಹೀಗೇ ಶುರುವಾಗಿತ್ತು. ಮೊದಲು ಹೆಬ್ಬೆರಳು, ಆಮೇಲೆ ಕೈ, ಆಮೇಲೆ ತಟ್ಟೆಯಿಂದ ಬಾಯಿಗೆ ಹೋಗುವಷ್ಟರಲ್ಲಿ ಖಾಲಿಯಾಗುವ ಚಮಚ. ಡಿಪೋದಲ್ಲಿ ಒಬ್ಬರ ಕಣ್ಣಿಗೆ ಬಿದ್ದ ವಾರದೊಳಗೆ ಅವರನ್ನು ಬಸ್ಸಿನಿಂದ ಇಳಿಸಿದರು. ಅಮ್ಮ ಅವರ ಕೈಯನ್ನು ತನ್ನ ಮಡಿಲಲ್ಲಿ ಅದುಮಿ ಹಿಡಿದುಕೊಂಡು ಗಂಟೆಗಟ್ಟಲೆ ಕೂರುತ್ತಿದ್ದಳು, ಹಿಡಿದರೆ ನಿಲ್ಲುತ್ತದೆ ಎಂಬಂತೆ.

ನಾನು ಅವಳ ಮುಖ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಡಾಕ್ಟರಮ್ಮನ ಕೈಗೆ ಈ ಕೈ ಸಿಗಬಾರದೆಂದೇ ನನ್ನನ್ನು ಬಲಕ್ಕೆ ಎಳೆದುಕೊಂಡಿದ್ದಳು.

“ಯಾವಾಗಿಂದ?” ಎಂದೆ.

“ಹೋದ ಚಳಿಗಾಲದಿಂದ.”

“ಯಾರಿಗೆ ಗೊತ್ತು?”

“ನಿಂಗೆ.”

ಆಗ ಸರಿಯಾಗಿ ಮುಖ್ಯ ಅತಿಥಿಗಳ ಕಾರು ಬಂತು. ಬ್ಯಾಂಡಿನವರು ಬಾರಿಸಿದರು, ಡ್ರೋನ್ ಗುಂಯ್ ಎಂದು ಮೇಲೆದ್ದಿತು. “ಎಲ್ಲರೂ ಕೈ ಮೇಲೆತ್ತಿ!” ಎಂದು ಮೈಕು ಕಿರುಚಿತು. “ಮೇಲೆತ್ತಿ ಹಾಗೇ ನಿಲ್ಲಿ. ಒಂದೂವರೆ ಅಲ್ಲಾಡಬಾರದು. ಇದು ಜಗತ್ತಿಗೆ ನಮ್ಮ ವಚನ!”

ಸಾಲಿನಲ್ಲಿ ಎಲ್ಲರ ಕೈಗಳೂ ಎದ್ದವು. ನಾವು ಎತ್ತದೆ ಇರುವ ಹಾಗಿರಲಿಲ್ಲ. ತಂಗಿಯ ಕೈ ಮೇಲೆ ಹೋದ ಸ್ವಲ್ಪ ಹೊತ್ತಿಗೆ ನಡುಕ ಬೆರಳಿನಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಮೊಣಕೈಗೆ ಇಳಿಯಿತು. ನಾನು ಬಲವಾಗಿ ಹಿಡಿದೆ. ಹಿಡಿದಷ್ಟೂ ನನ್ನ ಕೈಯನ್ನೂ ಸೇರಿಸಿಕೊಂಡು ನಡುಗಿತು. ಎರಡೂ ಕಡೆ ನೂರಾರು ಹಸಿರು ತೋಳುಗಳು ಕಂಬದಂತೆ ನಿಂತಿವೆ, ನಡುವೆ ಇದೊಂದು. ಡಾಕ್ಟರಮ್ಮ ಆಚೆಯ ಮಾತು ಮುಗಿಸಿ ಈ ಕಡೆ ತಿರುಗುತ್ತಿದ್ದರು. ರೋಗ ಗುರುತಿಸುವುದೇ ಅವರ ಕೆಲಸ. ಒಂದು ನೋಟ ಸಾಕಿತ್ತು. ತಂಗಿ ಕಣ್ಣು ಮುಚ್ಚಿಕೊಂಡುಬಿಟ್ಟಳು.

ನನಗೆ ಬೇರೆ ಏನೂ ತೋಚಲಿಲ್ಲ. “ಅಲೇ!” ಎಂದು ಗಂಟಲು ಹರಿಯುವಂತೆ ಕೂಗಿ, ಎತ್ತಿದ ಎರಡೂ ತೋಳುಗಳನ್ನು ಹುಚ್ಚಿಯಂತೆ ಬೀಸತೊಡಗಿದೆ. ನನ್ನ ಆಚೆಗಿದ್ದ ಕಸ ವಿಲೇವಾರಿಯ ಮೇಲ್ವಿಚಾರಕರು ಒಂದು ಕ್ಷಣ ಬೆಪ್ಪಾದರು. ಆಮೇಲೆ, ನಿಂತೂ ನಿಂತೂ ಬೇಸತ್ತಿದ್ದ ಮನುಷ್ಯ, “ಅಲೆ, ಅಲೆ!” ಎಂದು ತಾವೂ ಬೀಸಿದರು. ಕ್ರಿಕೆಟ್ ನೋಡಲು ಕೂತ ಜನ ಒಬ್ಬರ ಹಿಂದೊಬ್ಬರು ಕೈಯೆತ್ತಿ ಎಬ್ಬಿಸುವ ಅಲೆಯಂತೆ ಅದು ಐದರ ಹೊಟ್ಟೆಯನ್ನು ಸುತ್ತಿ, ಕತ್ತು ಹತ್ತಿ, ತಲೆಯ ಗೆರೆಯ ತುದಿ ಮುಟ್ಟಿತು. ಜನ ನಗುತ್ತಿದ್ದರು, ಸಿಳ್ಳೆ ಹೊಡೆಯುತ್ತಿದ್ದರು. ಡಾಕ್ಟರಮ್ಮನೂ ನಗುತ್ತ ತೋಳು ಬೀಸುತ್ತಿದ್ದರು.

“ಐದು! ಐದು ಅಲ್ಲಾಡ್ತಿದೆ! ಯಾರ್ರೀ ಅದು ಐದರಲ್ಲಿ?” ಎಂದು ಮೈಕಿನಲ್ಲಿ ಕೂಗಿದ ಒಂದೂವರೆ ಸಾಹೇಬರು ಅಳುವುದೊಂದು ಬಾಕಿ. ಆದರೆ ಮುಖ್ಯ ಅತಿಥಿಗಳು ಚಪ್ಪಾಳೆ ತಟ್ಟಿದರು. ಅವರು ತಟ್ಟಿದ್ದು ಕಂಡು ಸಾಹೇಬರೂ ತಟ್ಟಿದರು.

ಸೀಟಿ ಊದಿದ ಮೇಲೆ ಎಲ್ಲರೂ ಬಿಸ್ಕತ್ತಿನ ಪೊಟ್ಟಣಕ್ಕೆ ಮುಗಿಬಿದ್ದರು. ನಾನು ತಂಗಿಯನ್ನು ವೇದಿಕೆಯ ಹಿಂದಿನ ನೆರಳಿಗೆ ಎಳೆದುಕೊಂಡು ಹೋದೆ. ಅವಳು ಕೈಯನ್ನು ಮತ್ತೆ ಜೇಬಿಗೆ ಹಾಕಿಕೊಂಡಳು.

“ಬೇರೆ ಊರಿನ ಡಾಕ್ಟರಿಗೆ ತೋರಿಸ್ದೆ. ಮಾತ್ರೆ ಕೊಟ್ಟಿದ್ದಾರೆ,” ಎಂದಳು. “ಲ್ಯಾಬಲ್ಲಿ ಈಗ ಜೊತೆಯವಳು ಚುಚ್ತಾಳೆ, ನಾನು ಚೀಟಿ ಅಂಟಿಸ್ತೀನಿ. ಬೆನ್ನು ನೋವು ಅಂತ ಹೇಳಿದೀನಿ. ಒಬ್ಬರಿಗೂ ಸೂಜಿ ಹಾಕಿಲ್ಲ, ಆಣೆಗೂ ಇಲ್ಲ. ಮಗಳ ಓದು ಮುಗಿಯೋವರೆಗೆ ಹೀಗೇ ತಳ್ಳಿದ್ರೆ ಸಾಕು.”

“ನಂಗೆ ಯಾಕೆ ಹೇಳ್ಲಿಲ್ಲ?”

“ನೀನು ಅಮ್ಮನ ಜೊತೆ ಇರೋಳು. ನಿನ್ನ ಮುಖ ನೋಡಿದ್ರೆ ಸಾಕು, ಅಮ್ಮಂಗೆ ಗೊತ್ತಾಗುತ್ತೆ.” ಎಡಗೈಯಿಂದ ಟೋಪಿ ತೆಗೆದು, “ನಾನು ಬಾಗಿಲವರೆಗೂ ಬಂದಿದ್ದೆ ಅಕ್ಕಾ, ಎರಡು ಮೂರು ಸಲ. ಮೆಟ್ಟಿಲಲ್ಲೇ ನಿಂತು ವಾಪಸ್ ಹೋದೆ. ಅಮ್ಮ ಅಪ್ಪನ ಕೈ ಹಿಡ್ಕೊಂಡು ಕೂರ್ತಿದ್ಲಲ್ಲ… ಇನ್ನೊಂದು ಸಲ ಅವಳಿಗೆ ಅದನ್ನ ತೋರಿಸಲಾ?” ಎಂದಳು.

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಇನ್ನು ಏನೂ ಉಳಿದಿಲ್ಲ ಎಂಬುದಕ್ಕೆ. ಹನ್ನೊಂದು ವರ್ಷ ನಾನು ಮೂರು ಮಹಡಿ ಹತ್ತಿದ್ದು ಆ ಸಿಟ್ಟಿನ ಬಲದಿಂದಲೇ.

“ನೀನು ತರಬೇತಿಗೆ ಹೋಗು. ಅಮ್ಮನ್ನ ಕಳಿಸು, ಆಗಿದ್ದಾಗ್ಲಿ,” ಎಂದಳು ತಂಗಿ.

“ಬಾಯಿ ಮುಚ್ಚು.”

ಆ ಹೊತ್ತಿಗೆ ನಮ್ಮ ಶಾಖೆಯ ಮುಖ್ಯಸ್ಥರು ಬಾಯಲ್ಲಿ ಬಿಸ್ಕತ್ತು ಇಟ್ಟುಕೊಂಡೇ ಬಂದರು. “ಏನಮ್ಮ ಅಲೆಯಮ್ಮ, ಹೆಸರು ಕಳಿಸ್ಬೇಕು. ಹೂಂ ನಾ, ಊಹೂಂ ನಾ?”

“ಊಹೂಂ ಸರ್. ಅಮ್ಮನ್ನ ನೋಡ್ಕೊಳ್ಳೋರು ಯಾರೂ ಇಲ್ಲ.”

ನಾನು ಇಷ್ಟು ದಿನ ನೂರು ಜನರ ಮುಂದೆ ಆಡಿದ್ದ ಮಾತೇ ಅದು. ಅವರು ನನ್ನನ್ನು ಬಿಟ್ಟು ತಂಗಿಯ ಕಡೆ ತಿರುಗಿದರು. “ನೀವು ತಂಗಿ ಅಲ್ವೇನ್ರೀ? ಕೇಳಿದೀನಿ ನಿಮ್ಮ ವಿಷ್ಯ. ಹೆತ್ತ ತಾಯಿನ ಒಂದಾರು ತಿಂಗಳು ನೋಡ್ಕೊಳ್ಳೋಕೆ ಆಗಲ್ವಾ ನಿಮಗೆ?”

ನಾನು ಬಾಯಿ ತೆರೆದೆ. ತಂಗಿ ಜೇಬಿನೊಳಗೆ ಮುಷ್ಟಿ ಬಿಗಿದದ್ದು ಕೋಟಿನ ಮೇಲಿನಿಂದಲೇ ಕಾಣಿಸಿತು. ನನ್ನ ಕಡೆ ಒಂದು ಸಲ ನೋಡಿದಳು, ಅಷ್ಟೇ.

“ಆಗಲ್ಲ ಸರ್,” ಎಂದಳು. “ನಂಗೆ ಪುರುಸೊತ್ತಿಲ್ಲ.”

ಅವರು ಮುಖ ಸಿಂಡರಿಸಿಕೊಂಡು, ನನ್ನ ಹೆಗಲು ತಟ್ಟಿ, “ನಿನ್ನಂಥವಳು ಇರೋದಕ್ಕೇ ಮಳೆ ಬೆಳೆ ಆಗ್ತಿದೆಯಮ್ಮ,” ಎಂದು ಹೇಳಿ ಹೋದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಂಗಿ ಬಸ್ ಹಿಡಿಯಲು ಹೊರಟಳು, ನಾನು ತಡೆಯಲಿಲ್ಲ. ತಡೆದು ಏನು ಹೇಳುವುದು? ನಾನೇ ಹೊಲಿದ ಅಂಗಿ, ಅವಳಿಗೆ ಸರಿಯಾಗಿ ಹಿಡಿಸಿತ್ತು.

ಮನೆಗೆ ಬಂದಾಗ ಅಮ್ಮ ಟಿವಿಯ ಮುಂದೆ ಕೂತಿದ್ದಳು.

“ಏನಾಯ್ತೇ? ಚಿಕ್ಕೋಳು ಏನಂದ್ಲು?”

“ಪುರುಸೊತ್ತಿಲ್ವಂತೆ.”

“ನಂಗೊತ್ತಿತ್ತು,” ಎಂದಳು ಅಮ್ಮ. ಮುಂದೆ ಅವಳು ಬೈದದ್ದೆಲ್ಲ ನಾನೇ ಕಲಿಸಿದ ಬೈಗುಳ. ಬೇರೆ ದಿನವಾಗಿದ್ದರೆ ನಾನೂ ಎರಡು ಸೇರಿಸುತ್ತಿದ್ದೆ. ಆವತ್ತು ಒಲೆಯ ಮೇಲೆ ನೀರಿಟ್ಟು, ಅದು ಕಾಯುವವರೆಗೂ ಅಲ್ಲೇ ನಿಂತಿದ್ದೆ.

ಸುದ್ದಿ ಶುರುವಾಯಿತು. ಹವಾಮಾನ ಒಪ್ಪಂದದ ವಾರ್ಷಿಕೋತ್ಸವ, ನಗರಸಭೆಯ ಮೈದಾನ. ಮೇಲಿನಿಂದ ನೋಡಿದರೆ ಮನುಷ್ಯರು ಹಸಿರು ಕಾಳುಗಳಂತಿದ್ದರು, ಮುಖ ಯಾರದೂ ಕಾಣುತ್ತಿರಲಿಲ್ಲ. ನೆಟ್ಟಗೆ ಒಂದು, ಡೊಳ್ಳು ಚುಕ್ಕಿ, ಐದು. ಐದರ ಹೊಟ್ಟೆಯಲ್ಲಿ ಒಂದು ಜಾಗ ಮಾತ್ರ ಮೊದಲು ಅದುರಿತು. ಆಮೇಲೆ ಅದು ಹರಡಿತು. ಅಮ್ಮ ಟಿವಿಯ ದನಿ ಅಡಗಿಸಿಬಿಟ್ಟಳು.

“ಅಲ್ಲಿ ಯಾಕೆ ಹಾಗೆ ನಡುಗ್ತು?”

“ನಡುಗಿದ್ದಲ್ಲಮ್ಮ. ಅಲೆ. ನಾನೇ ಶುರು ಮಾಡ್ದೆ, ತಮಾಷೆಗೆ.”

“ನೀನಾ?” ಅಮ್ಮನ ಮುಖ ಬಿಳಿಚಿಕೊಂಡಿತು. “ಇಲ್ಲಿ ಬಾ. ಕೂತ್ಕೋ. ಕೈ ತೋರ್ಸು.”

ಕೂತೆ. ನನ್ನ ಎರಡು ಕೈಗಳನ್ನೂ ತನ್ನ ಮಡಿಲ ಮೇಲೆ ಅಂಗಾತ ಇಟ್ಟುಕೊಂಡು, ತನ್ನ ಕೈ ಹಿಂದೆ ತೆಗೆದು, ಬಗ್ಗಿ ನೋಡಿದಳು. ಕಣ್ಣು ಮಿಟುಕಿಸದೆ ನೋಡಿದಳು. ನನ್ನ ಬೆರಳುಗಳು ಅಲ್ಲಾಡಲಿಲ್ಲ. ಅಲ್ಲಾಡಬಾರದೇ ಎಂದು ನನಗೆ ನಿಜವಾಗಿ ಅನ್ನಿಸಿತು. ಅಮ್ಮ ಉಸಿರು ಬಿಟ್ಟು, ನನ್ನ ಕೈಗಳನ್ನು ಕಣ್ಣಿಗೆ ಒತ್ತಿಕೊಂಡಳು.

“ಸದ್ಯ. ನಿಮ್ಮಪ್ಪಂದು ನಿಂಗೆ ಬಂತೇನೋ ಅಂತ ಎದೆ ಧಸಕ್ ಅಂತು ಕಣೇ.”

“ಇಲ್ಲಮ್ಮ.”

“ಚಿಕ್ಕೋಳ ವಿಷ್ಯದಲ್ಲಿ ನಂಗೆ ಆ ಭಯ ಇಲ್ಲ,” ಎಂದಳು ಅಮ್ಮ. “ಅವಳು ಕಲ್ಲು. ಕಲ್ಲು ಎಲ್ಲಾದ್ರೂ ನಡುಗುತ್ತಾ?”

ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು. ನಾನು ಮುಖ ತಿರುಗಿಸಲಿಲ್ಲ.

“ಅಲ್ವೇನೇ?”

“ಹೂಂ ಅಮ್ಮ,” ಎಂದೆ. “ಅವಳು ಕಲ್ಲೇ.”